ಅಪಶಕುನ ಅಲ್ಲ, ಮೊದಲೇ ಕೇಳಿಟ್ಟುಕೊಳ್ಳಿ: ಸ್ಮಶಾನದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಉಯಿಲು ಬರೆಯುವ ಬಗ್ಗೆ ಉತ್ತರಿಸಿದ್ದೆ. ಓದಿದವರು ಉಯಿಲು ಬಿಟ್ಟು ಸ್ಮಶಾನದ ಬಗ್ಗೆ ಕೇಳಿದ್ದಾರೆ! ಸರಿ, ಅದೂ ಬೇಕಾದದ್ದೇ. ಮದುವೆಗಾದರೆ ಛತ್ರವನ್ನು ಆರು ತಿಂಗಳು ಮೊದಲೇ ಗೊತ್ತು ಮಾಡುತ್ತೇವೆ, ಈ ಮಾತು ಎತ್ತಿದರೆ ಮಾತ್ರ 'ಬಿಡ್ತು ಅನ್ನು' ಅಂತ ಬಾಯಿ ಮುಚ್ಚಿಸುತ್ತೇವೆ, ಆಮೇಲೆ ಅಪರಾತ್ರಿಯಲ್ಲಿ ಆಸ್ಪತ್ರೆ ಬಾಗಿಲಲ್ಲಿ ನಿಂತು ಯಾರ್ಯಾರಿಗೋ ಫೋನ್ ಮಾಡುತ್ತೇವೆ. ಹಾಗಾಗಿ ಈ ಸಲ ಪುಟ ಪೂರ್ತಿ ಇದಕ್ಕೇ.

ಅಕ್ಕಾ, ನಮ್ಮದು ತುಮಕೂರು ಕಡೆ. ಈಗ ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದೇವೆ, ಊರಿನ ಜಮೀನು ಮಾರಿಯಾಯಿತು. ಅಪ್ಪನಿಗೆ ಎಂಬತ್ತು ದಾಟಿದೆ. 'ನನ್ನನ್ನು ಸುಡಬೇಡಿ, ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿ' ಅನ್ನುತ್ತಾರೆ. ನಾವು ಲಿಂಗಾಯತರು. ಇಲ್ಲಿ ಜಾಗ ಸಿಗುತ್ತಾ? — ಓದುಗ, ಬೆಂಗಳೂರು

ಸಿಗುತ್ತೆ. ಬೆಂಗಳೂರಿನಲ್ಲಿ ವೀರಶೈವ ಲಿಂಗಾಯತರ ರುದ್ರಭೂಮಿಗಳು ಬೇರೆಯಾಗಿಯೇ ಇವೆ. ಅಪ್ಪ ತಾವೇ ಬಾಯಿಬಿಟ್ಟು ಹೇಳಿದ್ದಾರಲ್ಲ, ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ನಿಮ್ಮದು: ಒಂದು ಭಾನುವಾರ ಬಿಡುವು ಮಾಡಿಕೊಂಡು ನಿಮಗೆ ಹತ್ತಿರದ ರುದ್ರಭೂಮಿಗೆ ಹೋಗಿ ಬನ್ನಿ. ಅಲ್ಲಿ ನೋಡಿಕೊಳ್ಳುವವರನ್ನು, ಸಮಾಜದ ಸಮಿತಿ ಇದ್ದರೆ ಅದರವರನ್ನು ಮಾತಾಡಿಸಿ. ನಿಮ್ಮ ಬಡಾವಣೆಯವರಿಗೆ ಜಾಗ ಕೊಡುತ್ತಾರಾ, ಗುಂಡಿ ತೋಡುವವರು ಅಲ್ಲೇ ಇರುತ್ತಾರಾ, ರಾತ್ರಿ ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಮೇಲೆ ಕಲ್ಲು ಕಟ್ಟಿಸಲು ಬಿಡುತ್ತಾರಾ, ಇಷ್ಟು ಕೇಳಿ. ಕಲ್ಲಿನ ವಿಷಯ ಕೊನೆಗೆ ಕೇಳಿದರೂ ಸರಿ, ಆದರೆ ಕೇಳಲೇಬೇಕು. ನಗರದಲ್ಲಿ ಜಾಗ ಕಮ್ಮಿ, ಬಹಳ ಕಡೆ ಗದ್ದುಗೆ ಕಟ್ಟಲು ಒಪ್ಪುವುದಿಲ್ಲ, ಮೂರನೇ ದಿನ ಹೋಗಿ ಜಗಳ ಆಡುವ ಹಾಗೆ ಆಗಬಾರದು ಅಲ್ವಾ.

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಜೀವ ಹೋದ ಎರಡು ಮೂರು ಗಂಟೆಯಲ್ಲೇ ದೇಹ ಸೆಟೆಯುವುದಕ್ಕೆ ಶುರುವಾಗುತ್ತೆ. ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿ, ಮಗ ಅಮೆರಿಕದಿಂದ ಬರಲಿ ಅಂತ ಕಾದು, ಆಮೇಲೆ ಕೂರಿಸುತ್ತೇವೆ ಅಂದರೆ ತುಂಬಾ ಕಷ್ಟ. ಹಳ್ಳಿಗಳಲ್ಲಿ ತಕ್ಷಣವೇ ಸ್ನಾನ ಮಾಡಿಸಿ, ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ಮೆತ್ತಗಿನ ಬಟ್ಟೆಯಲ್ಲಿ ಕಟ್ಟಿ ನಿಲ್ಲಿಸುವುದು ಇದಕ್ಕೇ. ಗುಂಡಿಯೂ ಮಾಮೂಲಿನದಲ್ಲ. ಆಳವಾಗಿ ತೋಡಿ, ಒಂದು ಪಕ್ಕಕ್ಕೆ ಗೂಡು ಕೊರೆಯಬೇಕು. ಕೆಲವು ಕಡೆ ತೀರಿಹೋದವರ ಪಾದದ ಅಳತೆಯಲ್ಲೇ ಅದನ್ನು ಅಳೆಯುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಆ ಗೂಡಿನಲ್ಲಿ ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಎಳೆಯುತ್ತಾರೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತೆ, ಹಾಗಾಗಿ ರುದ್ರಭೂಮಿಗೆ ಹೇಳಿಕಳಿಸುವುದು ಮೊದಲನೇ ಕೆಲಸ, ನೆಂಟರಿಗೆ ಫೋನ್ ಆಮೇಲೆ. ವಿಭೂತಿ ಗಟ್ಟಿ ಎಲ್ಲಿ ಸಿಗುತ್ತೆ, ಕ್ರಿಯೆ ಮಾಡಿಸುವ ಜಂಗಮರು ಯಾರು ಅನ್ನುವುದನ್ನು ಅಪ್ಪನನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೆ ಬೇಜಾರಾಗಲ್ಲ, ಸಮಾಧಾನವೇ ಆಗುತ್ತೆ.

ಮನೆಯಲ್ಲೇ ತೀರಿಕೊಂಡರೆ ಏನೇನು ಕಾಗದ ಬೇಕು ಮೇಡಂ? ನಮ್ಮ ಅತ್ತೆ ಹೋಗಿ ಎರಡು ವರ್ಷ ಆಯಿತು, ಮರಣ ಪ್ರಮಾಣಪತ್ರ ಮಾಡಿಸಿಲ್ಲ, ಈಗ ಪೌತಿ ಖಾತೆ (ತೀರಿಹೋದವರ ಆಸ್ತಿ ವಾರಸುದಾರರ ಹೆಸರಿಗೆ ಆಗುವುದು) ಆಗುತ್ತಿಲ್ಲ. — ಓದುಗಿ, ಹಾಸನ

ಇದು ಹೆಚ್ಚುಕಮ್ಮಿ ಮನೆಮನೆ ಕಥೆ. ಹದಿಮೂರನೇ ದಿನದ ಅಡಿಗೆಯವರಿಗೆ ಅಡ್ವಾನ್ಸ್ ಕೊಡಲು ಮರೆಯುವುದಿಲ್ಲ, ಇದನ್ನು ಮರೆಯುತ್ತೇವೆ.

ಮೊದಲು ನಿಯಮ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರದೇ ಜವಾಬ್ದಾರಿ. ಮನೆಯಲ್ಲಾದರೆ ಮನೆಯ ಯಜಮಾನರದು. 21 ದಿನ ದಾಟಿ 30ರೊಳಗಾದರೆ ತಡವಾದ ಶುಲ್ಕ ಕಟ್ಟಿದರೆ ಸಾಕು. 30 ದಿನದಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ನಿಮ್ಮದು ಒಂದು ವರ್ಷವೂ ದಾಟಿದೆ. ಇದಕ್ಕೆ ಮೊದಲು ಕೋರ್ಟಿಗೇ ಹೋಗಬೇಕಿತ್ತು. 2023ರ ತಿದ್ದುಪಡಿ ಬಂದ ಮೇಲೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಹಾಗಾಗಿ ಉಪವಿಭಾಗಾಧಿಕಾರಿ ಕಚೇರಿಯಿಂದ ಶುರು ಮಾಡಿ. ಮಧ್ಯೆ ಯಾರಾದರೂ 'ನಾನು ಮಾಡಿಸಿಕೊಡ್ತೀನಿ' ಅಂತ ಬಂದರೆ ದೂರ ಇಡಿ.

ಜೊತೆಗೆ ಏನು ಹಿಡಿದು ಹೋಗಬೇಕು? ಅತ್ತೆಗೆ ಕೊನೆಯಲ್ಲಿ ಔಷಧಿ ಕೊಡುತ್ತಿದ್ದ ವೈದ್ಯರ ಪ್ರಮಾಣಪತ್ರ (ಮನೆಯಲ್ಲಿ ತೀರಿದವರಿಗೆ ನಮೂನೆ 4ಎ ಅಂತ ಇರುತ್ತೆ), ಸ್ಮಶಾನದ ರಸೀದಿ, ಆಧಾರ್, ಪಂಚಾಯಿತಿಯ ಹೇಳಿಕೆ. ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ಈ ಪ್ರಮಾಣಪತ್ರವನ್ನು ಶುಲ್ಕ ತೆಗೆದುಕೊಳ್ಳದೆ ಕೊಡಬೇಕು, ಕಾಯ್ದೆಯೇ ಹಾಗೆ ಹೇಳುತ್ತೆ. ಎರಡು ವರ್ಷದ ಮೇಲೆ ವೈದ್ಯರು ಕೊಡುತ್ತಾರೋ ಇಲ್ಲವೋ ಅದು ಬೇರೆ ಮಾತು, ಆದರೆ ಸ್ಮಶಾನದಲ್ಲಿ ದಾಖಲೆ ಪುಸ್ತಕ ಇಟ್ಟಿದ್ದರೆ ಅದರಲ್ಲಿ ಅತ್ತೆಯ ಹೆಸರು, ತಾರೀಖು ಇದ್ದೇ ಇರುತ್ತೆ. ಅದನ್ನು ಹುಡುಕಿಸಿ.

ಉಳಿದವರಿಗೆ ಹೇಳುವುದು: ಅವತ್ತೇ ರಸೀದಿ ಇಸಿದುಕೊಳ್ಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಹೆಸರು ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಸಿ. 'ಲಕ್ಷ್ಮಮ್ಮ' ಒಂದು ಕಡೆ, 'ಲಕ್ಷ್ಮೀದೇವಮ್ಮ' ಇನ್ನೊಂದು ಕಡೆ ಇದ್ದರೆ ಬ್ಯಾಂಕಿನವರು, ಪಿಂಚಣಿಯವರು, ಖಾತೆ ಮಾಡುವವರು ಮೂವರೂ ತಿರುಗಿಸುತ್ತಾರೆ. ಮೊದಲನೇ ಪ್ರತಿ ಉಚಿತ, ಆಗಲೇ ದುಡ್ಡು ಕೊಟ್ಟು ಇನ್ನೂ ನಾಲ್ಕೈದು ಪ್ರತಿ ತೆಗೆದುಕೊಳ್ಳಿ. ಸಾವು ಅಪಘಾತವೋ ಆತ್ಮಹತ್ಯೆಯೋ ಅನುಮಾನದ್ದೋ ಆಗಿದ್ದರೆ ನೇರ ಸ್ಮಶಾನಕ್ಕೆ ಒಯ್ಯುವ ಹಾಗಿಲ್ಲ, ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಆಗಲೇಬೇಕು. ಊರಿನ ಮಾನ ಅಂತ ಮುಚ್ಚಿಡಲು ಹೋದರೆ ಆಮೇಲೆ ಹೂತದ್ದನ್ನು ತೆಗೆಯಬೇಕಾಗುತ್ತೆ, ಅದಕ್ಕಿಂತ ಸಂಕಟ ಇಲ್ಲ.

ಕಣ್ಣು ಕೊಡುವ ಮನಸ್ಸಿದ್ದರೆ ಆರು ಗಂಟೆಯೊಳಗೆ ನೇತ್ರಬ್ಯಾಂಕಿಗೆ ಫೋನ್ ಮಾಡಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಡಿ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಹೋದಾಗ ಇಬ್ಬರ ಕಣ್ಣೂ ಹೀಗೇ ದಾನವಾದವು. ಇಬ್ಬರನ್ನೂ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದರು. ಅಂದರೆ ಕಣ್ಣು ಕೊಟ್ಟರೆ ಶಾಸ್ತ್ರಕ್ಕೇನೂ ಅಡ್ಡಿಯಿಲ್ಲ.

ವಿದ್ಯುತ್ ಚಿತಾಗಾರದಲ್ಲಿ ಬೂದಿ ಬೇರೆಯವರದ್ದರ ಜೊತೆ ಬೆರೆತುಹೋಗುತ್ತಂತೆ, ನಿಜವಾ? ಸೌದೆಯೇ ಒಳ್ಳೆಯದಾ? — ಓದುಗ, ಮೈಸೂರು

ಒಂದು ಸಲಕ್ಕೆ ಒಂದೇ ದೇಹ. ಟ್ರಾಲಿಯ ಮೇಲಿಟ್ಟು ಒಳಗೆ ತಳ್ಳುತ್ತಾರೆ, ಬಾಗಿಲು ಮುಚ್ಚುತ್ತೆ, ಒಂದರಿಂದ ಎರಡು ಗಂಟೆಯಲ್ಲಿ ಮುಗಿಯುತ್ತೆ. ಅಸ್ಥಿಯನ್ನು ಆಮೇಲೆ ತೆಗೆದುಕೊಡುತ್ತಾರೆ. ಹಿಂದಿನದು ಚೂರು ಉಳಿದಿರಬಹುದಾ ಅಂದರೆ, ಇರಬಹುದು. ಸೌದೆ ಚಿತೆಯ ಕಟ್ಟೆಯ ಮೇಲೂ ಅಷ್ಟೇ. ಸೌದೆ ಒಂದು ಚಿತೆಗೆ 300ರಿಂದ 500 ಕಿಲೋ ಬೇಕು, ಮಳೆಗಾಲದಲ್ಲಿ ಹಸಿ ಸೌದೆ ಸಿಕ್ಕಿದರೆ ಮನೆಯವರ ಪಾಡು ಕೇಳಬೇಡಿ. ನನ್ನ ಮಟ್ಟಿಗೆ ವಿದ್ಯುತ್ತೇ ಸರಿ, ಆದರೆ ನಿಮ್ಮ ಮನೆಯ ಹಿರಿಯರಿಗೆ ಚಿತೆಯೇ ಬೇಕು ಅನ್ನಿಸಿದರೆ ಅದಕ್ಕೆ ವಾದ ಮಾಡುವ ಹೊತ್ತು ಅದಲ್ಲ.

ಒಂದೇ ಒಂದು ಎಚ್ಚರ: ತೀರಿಹೋದವರಿಗೆ ಪೇಸ್‌ಮೇಕರ್ ಹಾಕಿದ್ದರೆ ಸುಡುವ ಮೊದಲು ತೆಗೆಸಲೇಬೇಕು. ಬಿಸಿಗೆ ಅದರ ಬ್ಯಾಟರಿ ಸಿಡಿಯುತ್ತೆ. ಆಸ್ಪತ್ರೆಯಲ್ಲೇ ಹೇಳಿ ತೆಗೆಸಿ. ಮಣ್ಣು ಮಾಡುವುದಾದರೆ ಆ ತೊಂದರೆ ಇಲ್ಲ.

ಗುಂಡಿ ತೋಡುವವರಿಗೆ ಎಷ್ಟು ಕೊಡಬೇಕು? ಕೇಳಿದಷ್ಟು ಕೊಡದಿದ್ದರೆ ಮಣ್ಣೇ ಎಳೆಯಲ್ಲ ಅಂತಾರೆ. — ಓದುಗ, ದಾವಣಗೆರೆ

ಕಚೇರಿಯ ಶುಲ್ಕ ಬೇರೆ, ಅವರ ಕೂಲಿ ಬೇರೆ. ಶುಲ್ಕ ಎಷ್ಟು ಅಂತ ಪಾಲಿಕೆಯಲ್ಲೋ ಸಮಿತಿಯಲ್ಲೋ ಮೊದಲೇ ಕೇಳಿ, ರಸೀದಿ ಇಲ್ಲದೆ ಕೊಡಬೇಡಿ. ಕೂಲಿಯನ್ನು ಗುದ್ದಲಿ ಹಿಡಿಯುವ ಮೊದಲೇ ಮಾತಾಡಿ, ಮನೆಯ ಒಬ್ಬರೇ ಮಾತಾಡಿ. ಹತ್ತು ಜನ ನೆಂಟರು ಹತ್ತು ರೇಟು ಹೇಳುವುದರಿಂದಲೇ ಗಲಾಟೆ ಜಾಸ್ತಿ.

ಆದರೆ ಅವರ ಕಡೆಯಿಂದಲೂ ಸ್ವಲ್ಪ ನೋಡಿ. ಬಹುಪಾಲು ದಲಿತ ಕುಟುಂಬಗಳು, ಎಷ್ಟೋ ಮಂದಿ ಸ್ಮಶಾನದ ಒಳಗೇ ಒಂದು ಮೂಲೆಯಲ್ಲಿ ಮನೆ ಮಾಡಿಕೊಂಡು ಅಲ್ಲೇ ಹುಟ್ಟಿ ಬೆಳೆದವರು. ಖಾಯಂ ಸಂಬಳಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಿದ್ದಾರೆ. 2021ರ ಏಪ್ರಿಲ್, ಮೇ ತಿಂಗಳ ಕೊರೊನಾ ಅಲೆಯಲ್ಲಿ ಬೆಂಗಳೂರಿನ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಾಗ, ತಾವರೆಕೆರೆ ಹತ್ತಿರದ ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಸಾಲು ಚಿತೆಗಳು ಉರಿದಾಗ, ಮನೆಯವರೇ ಹತ್ತಿರ ಬರದ ದೇಹಗಳನ್ನು ಇಳಿಸಿಕೊಂಡವರು ಇಂಥವರೇ. ನೂರಿನ್ನೂರು ಹೆಚ್ಚು ಕೊಟ್ಟರೆ ಏನೂ ಹೋಗಲ್ಲ.

ನಾವಿಬ್ಬರೇ ಹೆಣ್ಣುಮಕ್ಕಳು. ಅಮ್ಮನಿಗೆ ನಾನೇ ಬೆಂಕಿ ಕೊಡಬಹುದಾ? ದಾಯಾದಿಗಳು ಒಪ್ಪುತ್ತಿಲ್ಲ. — ಓದುಗಿ, ಶಿವಮೊಗ್ಗ

ಕೊಡಬಹುದು. ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರಬಾರದು, ಕೊಳ್ಳಿ ಇಡಬಾರದು ಅಂತ ಯಾವ ಕಾನೂನೂ ಇಲ್ಲ. ಒಪ್ಪುವ ಪುರೋಹಿತರನ್ನು ಮೊದಲೇ ನೋಡಿಟ್ಟುಕೊಳ್ಳಿ. ಅಮ್ಮ ಒಂದು ಚೀಟಿಯಲ್ಲಿ 'ನನ್ನ ಮಗಳೇ ಮಾಡಲಿ' ಅಂತ ಬರೆದು ಸಹಿ ಹಾಕಿಕೊಟ್ಟರೆ ದಾಯಾದಿಗಳ ಬಾಯಿ ತಾನಾಗಿ ಮುಚ್ಚುತ್ತೆ.

ನಮ್ಮ ಕೇರಿಯ ಹೆಣ ಹೋಗಬೇಕಾದರೆ ಒಬ್ಬರ ಹೊಲದ ಬದುವಿನ ಮೇಲೆ ಹೋಗಬೇಕು. ಈಗ ಅವರು ಬೇಲಿ ಹಾಕಿದ್ದಾರೆ. ಊರಿನ ಸ್ಮಶಾನ ಹತ್ತಿರವೇ ಇದೆ, ಅಲ್ಲಿ ನಮಗೆ ಬಿಡುವುದಿಲ್ಲ. ಹೋದ ಮಳೆಗಾಲದಲ್ಲಿ ಹಳ್ಳದ ದಂಡೆಯಲ್ಲಿ ಹೂಳಬೇಕಾಯಿತು. — ಓದುಗ, ಕೋಲಾರ ಜಿಲ್ಲೆ

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಇದರಲ್ಲಿ ಎರಡು ವಿಷಯ ಇದೆ, ಬೇರೆ ಬೇರೆ ಮಾಡಿ ಹೇಳುತ್ತೇನೆ.

ಊರಿನ ಸ್ಮಶಾನಕ್ಕೆ ಬಿಡುವುದಿಲ್ಲ ಅನ್ನುವುದು ಅಪರಾಧ. ಸುಮ್ನೆ 'ಸಂಪ್ರದಾಯ' ಅಂದರೆ ನಡೆಯಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಬಾವಿ, ಕೆರೆ, ದಾರಿ ಜೊತೆಗೆ ಸ್ಮಶಾನದ ಹೆಸರೂ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಬೇರೆಯವರಂತೆ ಸ್ಮಶಾನ ಬಳಸಲು ಅಡ್ಡಿ ಮಾಡುವುದನ್ನೂ ಸೇರಿಸಿದರು. ದೂರು ಕೊಟ್ಟರೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿ ತನಿಖೆ ಮಾಡಬೇಕು. ದೂರನ್ನು ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ದಾರಿಯ ವಿಷಯಕ್ಕೆ ತಹಶೀಲ್ದಾರರ ಹತ್ತಿರ ಹೋಗಿ. ಅದಕ್ಕೂ ಮೊದಲು ಎರಡು ಕಾಗದ ತೆಗೆಸಿ: ನಿಮ್ಮ ಸ್ಮಶಾನದ ಸರ್ವೆ ನಂಬರಿನ ಪಹಣಿ, ಮತ್ತು ಗ್ರಾಮ ನಕ್ಷೆ. ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಯ ಗೆರೆ ಹಾಕಿರುತ್ತಾರೆ. ಬೇಲಿ ಹಾಕಿದ ಜಾಗದಲ್ಲಿ ಆ ಗೆರೆ ಇದ್ದರೆ ಮಾತು ಮುಗಿಯಿತು, ತೆರವು ಮಾಡಿಸುವುದು ಕಂದಾಯದವರ ಕೆಲಸ. ಸ್ಮಶಾನವನ್ನೂ ಅಳತೆ ಮಾಡಿಸಿ ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿ. ಎಕರೆ ಇದ್ದದ್ದು ಹತ್ತು ಗುಂಟೆಗೆ ಇಳಿದಿರುವುದು ಆಗಲೇ ಗೊತ್ತಾಗುವುದು. ಪಹಣಿಯಲ್ಲಿ ಸ್ಮಶಾನವೇ ಇಲ್ಲ ಅಂತಾದರೆ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ ಅರ್ಜಿ ಕೊಡಿ. 1964ರ ಭೂಕಂದಾಯ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಸರ್ಕಾರಿ ಜಮೀನನ್ನು ಇದಕ್ಕೆ ಕಾದಿರಿಸಬಹುದು. ಸರ್ಕಾರಿ ಜಾಗ ಇಲ್ಲದ ಕಡೆ ಖಾಸಗಿಯವರಿಂದ ಕೊಂಡು ಕೊಡುವ ವ್ಯವಸ್ಥೆಯೂ ಇದೆ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಒದಗಿಸಿ ಅಂತ ನಮ್ಮ ಹೈಕೋರ್ಟ್ 2019ರಲ್ಲೇ ಹೇಳಿದೆ, ಪಾಲಿಸಿಲ್ಲ ಅಂತ ಆಮೇಲೆ ನ್ಯಾಯಾಂಗ ನಿಂದನೆಯ ವಿಚಾರಣೆಯೂ ನಡೆಯಿತು. ಅರ್ಜಿಯಲ್ಲಿ ಅದನ್ನೂ ಬರೆಯಿರಿ. ಮತ್ತೆ, ಇದನ್ನು ಹೆಣ ಮುಂದಿಟ್ಟುಕೊಂಡು ಮಾಡಬೇಡಿ. ಅವತ್ತು ನೀವು ಯಾವುದಕ್ಕಾದರೂ ಒಪ್ಪಿಬಿಡುತ್ತೀರಿ, ಅದು ಅವರಿಗೂ ಗೊತ್ತು. ಈಗಲೇ, ಎಲ್ಲರೂ ಗಟ್ಟಿಯಾಗಿರುವಾಗ ಶುರು ಮಾಡಿ.

ತೋಟದಲ್ಲೇ ಮಣ್ಣು ಮಾಡಬಹುದಾ ತಂಗೀ? ನಮ್ಮ ಯಜಮಾನರು ಅಲ್ಲೇ ಇರಬೇಕು ಅಂತಾರೆ. — ಹಿರಿಯ ಓದುಗಿ, ಮಂಡ್ಯ

ಹಳ್ಳಿಯಲ್ಲಿ ರೂಢಿ ಇದೆ ಅಮ್ಮಾ. ಕೊರೊನಾ ಎರಡನೇ ಅಲೆಯಲ್ಲಿ ಸರ್ಕಾರವೇ ಸ್ವಂತ ಜಮೀನಿನಲ್ಲಿ ಮಾಡಲು ಅನುಮತಿ ಕೊಟ್ಟಿತ್ತು. ಪಂಚಾಯಿತಿಗೆ ತಿಳಿಸಿ ಮಾಡಿ, ಬಾವಿ, ಬೋರ್‌ವೆಲ್‌ನಿಂದ ದೂರ ಇರಲಿ. ಆದರೆ ನಾಳೆ ಮಕ್ಕಳು ಭಾಗ ಮಾಡಿಕೊಂಡಾಗ ಸಮಾಧಿ ಯಾರ ಪಾಲಿಗೆ, ಮಾರಿದರೆ ಕೊಂಡವರು ಎಡೆ ಇಡಲು ಬಿಡುತ್ತಾರಾ, ಇದನ್ನು ಯಜಮಾನರ ಎದುರೇ ಮಕ್ಕಳ ಹತ್ತಿರ ಮಾತಾಡಿ. ಬೆಂಗಳೂರು, ಮೈಸೂರು ಸುತ್ತ ಲೇಔಟ್ ಆದ ಎಷ್ಟೋ ತೋಟಗಳಲ್ಲಿ ಅಜ್ಜನ ಸಮಾಧಿ ಈಗ ಯಾರದೋ ಸೈಟಿನ ಪಕ್ಕದಲ್ಲಿದೆ.

ನಾನು ಹಿಂದೂ, ನನ್ನ ಗಂಡ ಕ್ಯಾಥೊಲಿಕ್. ಇಬ್ಬರೂ ಒಂದೇ ಕಡೆ ಇರಬೇಕು ಅಂತ ಆಸೆ. — ಓದುಗಿ, ಮಂಗಳೂರು

ಚರ್ಚಿನ ಸಿಮಿಟ್ರಿಯಲ್ಲಿ ನಿಮಗೆ ಜಾಗ ಕೊಡುವುದು ಬಿಡುವುದು ಆ ಚರ್ಚಿಗೆ ಬಿಟ್ಟದ್ದು, ನಿಮ್ಮ ಫಾದರ್ ಹತ್ತಿರ ಇಬ್ಬರೂ ಹೋಗಿ ಕೂತು ಮಾತಾಡಿ. ಕುಟುಂಬದ ಗುಂಡಿ ಇದ್ದರೆ ಅದನ್ನೇ ಮತ್ತೆ ಬಳಸಲು ಎಷ್ಟು ವರ್ಷ ಬಿಡಬೇಕು ಅನ್ನುವುದನ್ನೂ ಕೇಳಿ. ಇನ್ನೊಂದು ದಾರಿ ಇಬ್ಬರೂ ದಹನಕ್ಕೆ ಒಪ್ಪುವುದು. ಕ್ಯಾಥೊಲಿಕ್ ಚರ್ಚು 1963ರಿಂದಲೇ ದಹನಕ್ಕೆ ಅವಕಾಶ ಕೊಟ್ಟಿದೆ. ಆದರೆ ಬೂದಿಯನ್ನು ನದಿಗೆ ಬಿಡುವುದು, ಚೆಲ್ಲುವುದು ಬೇಡ, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ರೋಮ್‌ನಿಂದ ಸೂಚನೆ ಬಂದಿದೆ. ಅವರದ್ದು ಅಲ್ಲಿಡಬೇಕು, ನಿಮ್ಮದನ್ನು ನಿಮ್ಮ ಮನೆಯವರು ನದಿಗೆ ಬಿಡಬೇಕು ಅಂತಾರೆ, ಗಂಟು ಬೀಳುವುದು ಅಲ್ಲೇ. ಎರಡು ಮನೆಯವರನ್ನೂ ಈಗಲೇ ಒಪ್ಪಿಸಿಟ್ಟುಕೊಳ್ಳಿ.

ನಮ್ಮೂರ ಸ್ಮಶಾನದಲ್ಲಿ ಜಾಲಿ ಬೆಳೆದು ಕಾಲಿಡಲು ಜಾಗವಿಲ್ಲ. ಹುಡುಗರೆಲ್ಲ ಸೇರಿ ಸ್ವಚ್ಛ ಮಾಡೋಣ ಅಂದರೆ ಹಿರಿಯರು 'ಸುಡುಗಾಡಿಗೆ ಸುಮ್ನೆ ಹೋಗಬಾರದು' ಅಂತಾರೆ. — ಓದುಗ, ಗದಗ ಜಿಲ್ಲೆ

ಹೋಗಿ ಮಾಡಿ, ಹಿರಿಯರು ಆಮೇಲೆ ಹೊಗಳುತ್ತಾರೆ. ನಿಮ್ಮ ಪಕ್ಕದ ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಸತೀಶ ಜಾರಕಿಹೊಳಿಯವರ ಮಾನವ ಬಂಧುತ್ವ ವೇದಿಕೆ ಅಂಬೇಡ್ಕರ್ ಅವರ ಪರಿನಿರ್ವಾಣದ ದಿನ, ಅಂದರೆ ಡಿಸೆಂಬರ್ 6ಕ್ಕೆ, ಕಾರ್ಯಕ್ರಮ ಮಾಡಿ, ಅಲ್ಲೇ ಊಟ ಹಾಕಿ, ರಾತ್ರಿ ಅಲ್ಲೇ ಮಲಗುವ ಪದ್ಧತಿ ಇಟ್ಟುಕೊಂಡಿದೆ. ಯಾರನ್ನೂ ದೆವ್ವ ಹಿಡಿದಿಲ್ಲ. ಕ್ರೈಸ್ತರು ನವೆಂಬರ್ 2ಕ್ಕೆ ಸಮಾಧಿ ತೊಳೆದು ಹೂವು, ಮೇಣದಬತ್ತಿ ಇಡುತ್ತಾರೆ, ಮುಸ್ಲಿಮರು ಶಬೇ ಬರಾತ್ ರಾತ್ರಿ ಕಬರಸ್ತಾನಕ್ಕೆ ಹೋಗುತ್ತಾರೆ. ಮಕ್ಕಳು ಮರಿ ಕರೆದುಕೊಂಡು ಹೋಗುವ ಜಾಗ ತಾನಾಗಿ ಚೊಕ್ಕಟವಾಗಿರುತ್ತೆ.

ಜಾಲಿಯನ್ನು ಬುಡಸಮೇತ ತೆಗೆಸಿ, ಮೇಲೆ ಕಡಿದರೆ ಮಳೆಗೆ ಮತ್ತೆ ಚಿಗುರುತ್ತೆ. ಬೇವು, ಹೊಂಗೆ, ಬಿಲ್ವ ಹಾಕಿ, ಬೇಲಿ ಪಕ್ಕಕ್ಕೆ ದೇವಕಣಗಿಲೆ. ಅದು ಕೊಂಬೆ ನೆಟ್ಟರೂ ಬರುತ್ತೆ, ನೀರೂ ಹೆಚ್ಚು ಕೇಳಲ್ಲ. ಗಿಡಕ್ಕಿಂತ ಮೊದಲು ಒಂದು ನಲ್ಲಿ, ಒಂದು ತಗಡಿನ ನೆರಳು, ಕೂರಲು ಕಟ್ಟೆ, ಹೆಂಗಸರಿಗೆ ಶೌಚಾಲಯ, ಒಂದು ದೀಪ. ನರೇಗಾದಲ್ಲಿ ರುದ್ರಭೂಮಿಗೆ ಕಾಂಪೌಂಡು, ದಾರಿ ಮಾಡಿಸಿಕೊಂಡ ಪಂಚಾಯಿತಿಗಳು ನಮ್ಮಲ್ಲಿ ಬೇಕಾದಷ್ಟಿವೆ, ನಿಮ್ಮ ಪಿಡಿಒ ಹತ್ತಿರ ಈಗ ಯಾವ ಅನುದಾನ ಇದೆ ಕೇಳಿ. ಜೊತೆಗೆ ಗೇಟಿನಲ್ಲಿ ಒಂದು ಬೋರ್ಡು ಬರೆಸಿ: ಶುಲ್ಕ, ಗುಂಡಿ ತೋಡುವವರ ಫೋನ್ ನಂಬರು. ಹೂಳುವ ಜಾಗಗಳನ್ನು ಸಾಲಾಗಿ ಗುರುತು ಮಾಡಿ ಪುಸ್ತಕದಲ್ಲಿ ಬರೆದಿಡಿ, ಇಲ್ಲದಿದ್ದರೆ ಹಳೆಯ ಗುಂಡಿಯ ಮೇಲೇ ಗುದ್ದಲಿ ಬೀಳುತ್ತೆ.

ನನ್ನ ತಮ್ಮ ಕುವೈತಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಏನಾದರೂ ಆದರೆ ಊರಿಗೆ ತರಿಸುವುದು ಹೇಗೆ? ಕೇಳಲೂ ಭಯ. — ಓದುಗ, ಕುಂದಾಪುರ

ಕೇಳಿದ್ದು ಒಳ್ಳೆಯದಾಯಿತು. ಅಲ್ಲಿನ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಔಷಧಿ ಹಾಕಿದ ಪ್ರಮಾಣಪತ್ರ, ಪೊಲೀಸರ ಒಪ್ಪಿಗೆ, ನಮ್ಮ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ಇಷ್ಟು ಬೇಕು. ಓಡಾಟ ಹೆಚ್ಚಾಗಿ ಕೆಲಸ ಕೊಟ್ಟ ಕಂಪನಿಯದು. ಅವರು ಕೈಚೆಲ್ಲಿದರೆ, ಮನೆಯವರಿಗೆ ಶಕ್ತಿ ಇಲ್ಲದಿದ್ದರೆ, ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಅದರಿಂದ ಸಾಗಣೆಯ ಖರ್ಚು ಕೇಳಬಹುದು. ಭಾರತದ ಕಡೆ ಬೇಕಾದ ಅನುಮತಿಗೆ 2023ರಿಂದ ಇ-ಕೇರ್ ಅನ್ನುವ ಪೋರ್ಟಲ್ ಇದೆ. ತಮ್ಮ ಇಸಿಆರ್ (ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನಲ್ಲಿ ಹೋಗಿದ್ದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿರಲೇಬೇಕು, ಅಪಘಾತದಲ್ಲಿ ತೀರಿಕೊಂಡರೆ 10 ಲಕ್ಷ ರೂಪಾಯಿ ಬರುತ್ತೆ. ಅದರ ಪಾಲಿಸಿ ಕಾಗದದ ಫೋಟೋ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಕಂಪನಿಯ ಹೆಸರು, ರೂಮಿನಲ್ಲಿರುವ ಇಬ್ಬರ ನಂಬರು, ಇಷ್ಟನ್ನು ಈ ವಾರವೇ ವಾಟ್ಸಾಪಿನಲ್ಲಿ ತರಿಸಿ ಮನೆಯ ಇನ್ನೊಬ್ಬರ ಹತ್ತಿರವೂ ಇಡಿ. ಅಂಥ ದಿನ ಬಂದೇಬಿಟ್ಟರೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಬರುವ ಬಾಗಿಲಲ್ಲಿ ಕಾಯಬೇಡಿ. ಪೆಟ್ಟಿಗೆ ಬರುವುದು ಕಾರ್ಗೋ ವಿಭಾಗಕ್ಕೆ, ಸಹಿ ಹಾಕಿ ಪಡೆಯುವವರ ಗುರುತಿನ ಚೀಟಿ ಕೈಯಲ್ಲೇ ಇರಲಿ.